ಆಷಾಢದಲ್ಲಿ ಅಡ್ವಾನ್ಸ್, ಶ್ರಾವಣದಲ್ಲಿ ಕೀ: ಹಾಸನದಲ್ಲಿ ಮನೆ ಹುಡುಕುವವರು ದಯವಿಟ್ಟು ಓದಿ

ಮೊದಲೇ ಹೇಳಿಬಿಡುತ್ತೇನೆ. ಮನೆ ಬ್ರೋಕರ್ ಒಬ್ಬನ ಮೋಸಕ್ಕೆ 1,40,000 ರೂಪಾಯಿ ಹೋಯಿತು. ಅದರಲ್ಲಿ ಮುಕ್ಕಾಲು ಪಾಲು ಮದುವೆಯಲ್ಲಿ ಬಂದ ಮುಯ್ಯಿ ದುಡ್ಡು. ಯಾರು 500 ಹಾಕಿದರು, ಯಾರು 1,001 ಹಾಕಿದರು ಅಂತ ನಮ್ಮಪ್ಪ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ. ನಾಳೆ ಅವರ ಮನೆ ಮದುವೆ ಬಂದಾಗ ನಾವು ತಿರುಗಿ ಹಾಕಲೇಬೇಕು. ಅಂದರೆ ನಮ್ಮದೂ ಅಲ್ಲದ ದುಡ್ಡನ್ನು ನಾವು ಕಳೆದುಕೊಂಡಿದ್ದೇವೆ.

"ಇಬ್ಬರೂ ಓದಿದವರು, ಹೆಂಗ್ರೀ ಮೋಸ ಹೋದ್ರಿ?" ಅಂತ ಎಲ್ಲರೂ ಕೇಳಿದರು. ಮಾವನವರು ಮಾತ್ರ ಏನೂ ಕೇಳಲಿಲ್ಲ. ಸುಮ್ಮನೆ ಪೇಪರ್ ಓದುತ್ತಾ ಕೂತರು. ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು.

ನಮ್ಮ ಮದುವೆ ಆದದ್ದು 2025ರ ಮೇ ತಿಂಗಳಲ್ಲಿ. ಇವರು ಹಾಸನದಲ್ಲಿ ಇಬ್ಬರು ಸ್ನೇಹಿತರ ಜೊತೆ ರೂಮಿನಲ್ಲಿದ್ದರು. ನನಗೂ ಹಾಸನದಲ್ಲೇ ಕೆಲಸ, ಅರಕಲಗೂಡಿನ ತವರಿನಿಂದ ದಿನಾ ಬಸ್ಸಿನಲ್ಲಿ ಓಡಾಟ. ಮದುವೆಯಾಗಿ ಒಂದು ತಿಂಗಳು ಸಾಲಗಾಮೆ ರಸ್ತೆ, ಕುವೆಂಪು ನಗರ, ವಿದ್ಯಾನಗರ, ಹೊಯ್ಸಳ ನಗರ ಎಲ್ಲ ಸುತ್ತಿದೆವು. ಟು-ಲೆಟ್ ಬೋರ್ಡ್ ಕಂಡಲ್ಲೆಲ್ಲ ಗಾಡಿ ನಿಲ್ಲಿಸುವುದೇ ಕೆಲಸ. ಬಾಡಿಗೆ ಕೇಳುವ ಮೊದಲು ನಮ್ಮ ಜಾತಿ ಕೇಳಿದವರೇ ಜಾಸ್ತಿ. ಒಬ್ಬ ಅಜ್ಜಿ "ಈಗ ಇಬ್ರು ಅಂತೀರ, ವರ್ಷ ತುಂಬೋದ್ರಲ್ಲಿ ಮೂರಾಗ್ತೀರ, ನೀರು ಸಾಲಲ್ಲ" ಅಂದುಬಿಟ್ಟರು. ಗಾಳಿ ಬೆಳಕು ಇರುವ ಮನೆಗೆ ಬಾಡಿಗೆ 11 ಸಾವಿರ, 12 ಸಾವಿರ. ಅಡ್ವಾನ್ಸ್ ಒಂದು ಲಕ್ಷ. ನಮ್ಮ ಕೈಗೆ ಸಿಗುವ ಮನೆಗಳಲ್ಲಿ ಹಗಲೇ ಲೈಟ್ ಹಾಕಬೇಕು.

ಅಷ್ಟರಲ್ಲಿ ಆಷಾಢ ಬಂತು. ನಾನು ತವರಿನಲ್ಲೇ ಉಳಿದೆ. ಇದು ನೆನಪಿಟ್ಟುಕೊಳ್ಳಿ, ಮೋಸದ ಬೇರು ಇರುವುದೇ ಇಲ್ಲಿ.

ಒಬ್ಬ ಪರಿಚಯದವರ ಮೂಲಕ ಈ ಬ್ರೋಕರ್ ನಂಬರ್ ಸಿಕ್ಕಿತು. ಹೆಸರು ಹಾಕುವುದಿಲ್ಲ, ಕೇಸ್ ನಡೆಯುತ್ತಿದೆ. ನಲವತ್ತರ ಆಸುಪಾಸಿನ ಮನುಷ್ಯ. ಹಣೆಯಲ್ಲಿ ಕುಂಕುಮ, ಮಾತಿಗೆ ಮುಂಚೆ "ಸ್ವಾಮಿ" ಅನ್ನುವವನು. ಸಾಲಗಾಮೆ ರಸ್ತೆ ಕಡೆ ಮೂರು ಮಹಡಿಯ ಕಟ್ಟಡ, ಎರಡನೇ ಮಹಡಿಯಲ್ಲಿ ಎರಡು ಬೆಡ್‌ರೂಮಿನ ಮನೆ, ಹೇಮಾವತಿ ನೀರು, ಬೋರೂ ಇದೆ. ಬಾಡಿಗೆ ಬೇಡ, ಭೋಗ್ಯಕ್ಕೆ ಹಾಕಿಕೊಳ್ಳಿ ಅಂದ. ಅಂದರೆ ಒಟ್ಟಿಗೆ ಒಂದು ಮೊತ್ತ ಕೊಟ್ಟು ತಿಂಗಳ ಬಾಡಿಗೆ ಇಲ್ಲದೆ ಇರುವುದು, ಬಿಡುವಾಗ ಆ ದುಡ್ಡು ವಾಪಸ್. ನಾಲ್ಕೂವರೆ ಲಕ್ಷ, ಮೂರು ವರ್ಷ. "ಬಾಡಿಗೆ ಕೊಟ್ರೆ ದುಡ್ಡು ಹೋಯ್ತು ಸಾರ್. ಭೋಗ್ಯ ಅಂದ್ರೆ ಬ್ಯಾಂಕಲ್ಲಿ ಇಟ್ಟ ಹಾಗೆ." ಹೊಸದಾಗಿ ಸಂಸಾರ ಹೂಡುವವರಿಗೆ ಈ ಮಾತು ಎಷ್ಟು ರುಚಿಸುತ್ತದೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮನೆಯನ್ನು ನಾನು ನೋಡಿದ್ದು ವಿಡಿಯೋ ಕಾಲ್‌ನಲ್ಲಿ. ಇವರು ಫೋನ್ ಹಿಡಿದುಕೊಂಡು ಕೋಣೆ ಕೋಣೆ ತೋರಿಸಿದರು. ಹೊಸ ಪೇಂಟ್, ನೆಲಕ್ಕೆ ಇನ್ನೂ ಪೇಪರ್ ಹಾಸಿತ್ತು. ಬ್ರೋಕರ್ ತಾನೇ ಫೋನ್ ಇಸಿದುಕೊಂಡು ಅಡುಗೆಮನೆಗೆ ಹೋದ. ಕಿಟಕಿ ತೆಗೆದ. "ಇಲ್ಲಿ ನೋಡಿ ಮೇಡಂ, ಸ್ಟೌ ಇಡೋ ಜಾಗದಲ್ಲಿ ನಿಂತ್ರೆ ಬೆಳಗಿನ ಬಿಸಿಲು ಮುಖಕ್ಕೇ ಬೀಳುತ್ತೆ." ಆಚೆ ಒಂದು ತೆಂಗಿನ ಮರ ಅಲ್ಲಾಡುತ್ತಿತ್ತು. ನಾನು ಅಲ್ಲೇ ಸೋತೆ. ಕಾಗದ ಪತ್ರ ಏನೂ ಕೇಳದೆ "ಕೊಟ್ಟುಬಿಡಿ ರೀ" ಅಂದವಳು ನಾನು. ಇವರಲ್ಲ, ನಾನು. ಇದನ್ನು ಇಲ್ಲಿ ಬರೆಯದಿದ್ದರೆ ಇವರ ಮೇಲೆ ತಪ್ಪು ಹೊರಿಸಿದ ಹಾಗಾಗುತ್ತದೆ.

ಇವರು ಒಂದೇ ಒಂದು ಕೇಳಿದರು. "ಕರೆಂಟ್ ಬಿಲ್ ಒಂದು ಕೊಡಿ, ಗೃಹಜ್ಯೋತಿಗೆ ನಮ್ಮ ಆಧಾರ್ ಲಿಂಕ್ ಮಾಡ್ಬೇಕು." ಅವನ ಉತ್ತರ: "ಖಾಲಿ ಮನೆ ಸಾರ್, ಸೊನ್ನೆ ಬಿಲ್. ಸೊನ್ನೆ ನೋಡಿ ಏನ್ ಮಾಡ್ತೀರಾ?" ಎಲ್ಲರೂ ನಕ್ಕರು. ಫೋನಿನ ಈಚೆ ನಾನೂ ನಕ್ಕೆ. ಆ ಸೊನ್ನೆ ಬಿಲ್ಲಿನ ಮೇಲೆ ಕರೆಂಟ್ ಸಂಪರ್ಕದ ಗುರುತಾದ ಆರ್.ಆರ್. ನಂಬರ್ ಇರುತ್ತದೆ, ಮಾಲೀಕರ ಹೆಸರಿರುತ್ತದೆ. ಕರೆಂಟ್ ಕಂಪನಿ ಸೆಸ್ಕ್‌ನವರು ಕೊಡುವ ಆ ಒಂದು ಚೀಟಿ ಕೈಗೆ ಬಂದಿದ್ದರೆ ಅಲ್ಲೇ ಕಥೆ ಮುಗಿಯುತ್ತಿತ್ತು.

ಒಪ್ಪಂದ ಹೀಗೆ. ಈಗ 1,40,000. ಉಳಿದದ್ದು ಕೀ ಕೊಡುವ ದಿನ. ಕೀ ಯಾವಾಗ? "ಆಷಾಢದಲ್ಲಿ ಯಾರಾದ್ರೂ ಹಾಲು ಉಕ್ಕಿಸ್ತಾರಾ ಮೇಡಂ? ಅದ್ರಲ್ಲೂ ಹೊಸ ಜೋಡಿ. ಶ್ರಾವಣದ ಮೊದಲ ಶುಕ್ರವಾರ ನಾನೇ ನಿಂತು ಬಾಗಿಲು ತೆಗೀತೀನಿ." ನಮ್ಮ ಅಮ್ಮನಿಗೆ ಈ ಮಾತು ಕೇಳಿ ಖುಷಿಯೋ ಖುಷಿ. ಎಷ್ಟು ಸಂಪ್ರದಾಯಸ್ಥ ಅಂತ. ಬೇರೆ ತಿಂಗಳಾಗಿದ್ದರೆ ಅಡ್ವಾನ್ಸ್ ಕೊಟ್ಟ ವಾರದಲ್ಲೇ ಕೀ ಕೇಳುತ್ತಿದ್ದೆವು ಅಲ್ವಾ? ಆಷಾಢದಲ್ಲಿ ನಾವೇ ಕೇಳುವುದಿಲ್ಲ. ಅವನಿಗೆ ಇಡೀ ತಿಂಗಳು ಬಿಟ್ಟಿ ಸಿಕ್ಕಿತು. ಅಷ್ಟರಲ್ಲಿ ಇನ್ನಷ್ಟು ಜನರನ್ನು ಹಿಡಿಯಬಹುದು.

40,000 ಫೋನ್‌ಪೇ ಮಾಡಿದೆವು. ಕಳಿಸುವಾಗ ಬೇರೆ ಯಾರದೋ ಹೆಂಗಸಿನ ಹೆಸರು ಬಂತು. ಕೇಳಿದ್ದಕ್ಕೆ "ನಮ್ಮ ಅತ್ತಿಗೆ ಅಕೌಂಟು, ನನ್ನ ಲಿಮಿಟ್ ಮುಗಿದಿದೆ" ಅಂದ. ಒಂದು ಲಕ್ಷ ನಗದು. ಅಗ್ರಿಮೆಂಟಿನಲ್ಲಿ ಬರೆದದ್ದು ಮಾತ್ರ 40,000. "ನಗದು ಬರೆದ್ರೆ ಓನರ್‌ಗೆ ಟ್ಯಾಕ್ಸ್ ತಲೆನೋವು ಸಾರ್, ಕೀ ದಿನ ಫುಲ್ ಬರೆದ್ಬಿಡೋಣ." ಹೌದು, ಇದಕ್ಕೂ ತಲೆಯಾಡಿಸಿದೆವು. ಬೈಕೊಳ್ಳಿ.

ಈ-ಸ್ಟಾಂಪ್ ಕಾಗದದ ಬಗ್ಗೆ ಒಂದು ಮಾತು. ಮೇಲುಗಡೆ ಸರ್ಕಾರದ ಲಾಂಛನ, ಉದ್ದದ ನಂಬರು, ಎರಡು ಕಡೆಯವರ ಹೆಸರು ನೋಡಿ ನಮಗೆ ಧೈರ್ಯ ಬಂತು. ಆ ಕಾಗದ ಹೇಳುವುದು ಇಷ್ಟೇ: ಯಾರೋ ಇಷ್ಟು ರೂಪಾಯಿ ಮುದ್ರಾಂಕ ಶುಲ್ಕ ಕಟ್ಟಿದ್ದಾರೆ. ಮನೆ ಯಾರದು ಅಂತ ಅದು ಹೇಳುವುದಿಲ್ಲ. ಮಾಲೀಕ ಅಂತ ಯಾರ ಹೆಸರು ಹೇಳಿದರೂ ಹಾಕಿ ಕೊಡುತ್ತಿದ್ದರು. ನಮ್ಮದರಲ್ಲಿ ಮಾಲೀಕರ ಹೆಸರು ನಿಜದ್ದೇ ಇತ್ತು, ಸಹಿ ಮಾತ್ರ ಇವನದೇ ಸೃಷ್ಟಿ. ಮೂರು ವರ್ಷದ ಭೋಗ್ಯ ಅಂದಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಬೇಕು. ಅದಕ್ಕೂ ಉತ್ತರ ರೆಡಿ: "ಸುಮ್ನೆ ಖರ್ಚು ಸ್ವಾಮಿ. 11 ತಿಂಗಳಿಗೆ ಬರೆದು ರಿನ್ಯೂ ಮಾಡ್ತಾ ಹೋಗೋಣ, ಊರೆಲ್ಲ ಹಂಗೇ." ಊರೆಲ್ಲ ಹಾಗೇ ಮಾಡುವುದು ನಿಜ. ಅದಕ್ಕೇ ಅನುಮಾನ ಬರಲಿಲ್ಲ.

ಆಮೇಲೆ ಒಂದು ತಿಂಗಳು ದಿನಾ ಬೆಳಿಗ್ಗೆ ಆರೂವರೆಗೆ ಶುಭೋದಯ. ಒಂದು ದಿನ ಹಾಸನಾಂಬೆ, ಒಂದು ದಿನ ಬೇಲೂರು ಚೆನ್ನಕೇಶವ. ಓಡಿ ಹೋಗುವವನು ದಿನಾ ದೇವರ ಫೋಟೋ ಕಳಿಸುತ್ತಾನಾ? ನಾನು ತವರಿನಲ್ಲಿ ಕೂತು ಅಡುಗೆಮನೆಯ ಡಬ್ಬಿಗಳಿಗೆ ಚೀಟಿ ಬರೆದೆ. ವರಮಹಾಲಕ್ಷ್ಮಿ ಹಬ್ಬ ನಮ್ಮ ಮನೆಯಲ್ಲೇ ಅಂತ ಚಿಕ್ಕಮ್ಮನಿಗೆ ಫೋನ್ ಮಾಡಿ ಕರೆದೆ.

ಜುಲೈ 24, ಗುರುವಾರ, ಭೀಮನ ಅಮಾವಾಸ್ಯೆ. ನನ್ನ ಮೊದಲ ಪೂಜೆ. ಇವರು ಅರಕಲಗೂಡಿಗೆ ಬಂದಿದ್ದರು. ಪಾದಪೂಜೆ ಆಯಿತು, ನನ್ನ ತಮ್ಮ ಹೊಸಿಲ ಮೇಲೆ ಭಂಡಾರ ಒಡೆದ. ಆಗಲೇ ಫೋನ್ ಕುಂಯ್ ಅಂತು. "ನೂರು ಕಾಲ ಬಾಳಿ. ನಾಳೆ ಬೆಳಿಗ್ಗೆ 6ಕ್ಕೆ ಕೀ ರೆಡಿ. ಬಾಕಿ ದುಡ್ಡು ಹಾಲು ಉಕ್ಕಿದ ಮೇಲೆ ಕೊಡಿ, ಆತುರ ಇಲ್ಲ." ಆತುರ ಇಲ್ಲವಂತೆ! ಅಪ್ಪ ಓದಿ, "ಒಳ್ಳೆ ಮನುಷ್ಯ ಕಣಮ್ಮ" ಅಂದರು.

ಮರುದಿನ ಶ್ರಾವಣದ ಮೊದಲ ದಿನ, ಅದೂ ಶುಕ್ರವಾರ. ಬೆಳಿಗ್ಗೆ ಆರಕ್ಕೆ ಹತ್ತು ನಿಮಿಷ ಇರುವಾಗ ಗೇಟಿನ ಮುಂದೆ ಇಳಿದೆವು. ಅಜ್ಜಿಯ ಹಿತ್ತಾಳೆ ಪಾತ್ರೆ, ನಂದಿನಿ ಹಾಲು, ಒಂದು ಸಣ್ಣ ಸ್ಟೌ, ಗಣಪತಿ ಫೋಟೋ. ಆಗಲೇ ಒಂದು ಕಾರು ನಿಂತಿತ್ತು. ಒಳಗಿಂದ ಒಬ್ಬ ಹುಡುಗ, ಹುಡುಗಿ, ಹುಡುಗನ ತಾಯಿ. ಅವರ ಕೈಯಲ್ಲೂ ಹಾಲಿನ ಪಾತ್ರೆ. ಶುಭ ದಿನ ಅಲ್ವಾ, ಬೇರೆ ಮಹಡಿಗೂ ಜನ ಬರುತ್ತಿದ್ದಾರೆ ಅಂದುಕೊಂಡೆ. ನಕ್ಕೆ. ಆ ತಾಯಿ ಕೇಳಿದರು, "ನೀವು ಯಾವ ಮನೆಗಮ್ಮ?"

"ಎರಡನೇ ಮಹಡಿ."

"ನಾವೂ ಎರಡನೇ ಮಹಡಿ."

ಎರಡನೇ ಮಹಡಿಯಲ್ಲಿ ಒಂದೇ ಮನೆ. ಅದು ಇಬ್ಬರಿಗೂ ಗೊತ್ತು. ಆದರೂ ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಅಷ್ಟರಲ್ಲಿ ಒಂದು ಆಟೋ ಬಂತು. ಕೂಸು ಎತ್ತಿಕೊಂಡ ಹೆಂಗಸು, ಗಂಡ, ಒಂದು ಗ್ಯಾಸ್ ಸ್ಟೌ. ನನ್ನ ಕೈ ನಡುಗಿ ಪಾತ್ರೆ ಕೆಳಗಿಟ್ಟೆ.

ಮೂರು ಮನೆಯವರೂ ಒಬ್ಬರಾದ ಮೇಲೆ ಒಬ್ಬರು ಫೋನ್ ಮಾಡಿದೆವು. ನನಗೆ "ಬಂದೇ ಮೇಡಂ, ಡೈರಿ ಸರ್ಕಲ್‌ನಲ್ಲಿದ್ದೀನಿ" ಅಂದ. ಎರಡು ನಿಮಿಷ ಬಿಟ್ಟು ಆ ಹುಡುಗನಿಗೆ "ತಣ್ಣೀರುಹಳ್ಳ ದಾಟಿದೆ". ಕೂಸಿನ ಅಪ್ಪನಿಗೆ "ಎನ್.ಆರ್. ಸರ್ಕಲ್". ಮೂರನ್ನೂ ಸ್ಪೀಕರಿಗೆ ಹಾಕಿ ಕೇಳಿದೆವು. ಬರುತ್ತಾನೆ ಅಂತ ಏಳೂಕಾಲರವರೆಗೆ ಆದರೂ ಕಾದೆವು, ನೋಡಿ ನಮ್ಮ ಬುದ್ಧಿ. ಆಮೇಲೆ ಒಂದು ಮೆಸೇಜ್ ಬಂತು. ಅದನ್ನು ಅಳಿಸಿಲ್ಲ, ಹಾಗೇ ಇಟ್ಟುಕೊಂಡಿದ್ದೇನೆ. "ಮೂರೂ ಜನ ಒಟ್ಟಿಗೆ ಯಾಕ್ ಬಂದ್ರಿ? ಗಲಾಟೆ ಮಾಡಿದ್ರೆ ಓನರ್ ಕ್ಯಾನ್ಸಲ್ ಮಾಡ್ತಾರೆ."

ಮೂರೂ ಜನ ಒಟ್ಟಿಗೆ ಯಾಕ್ ಬಂದ್ರಿ! ಅವನೇ ಕೊಟ್ಟ ಮುಹೂರ್ತ!

ಕೆಳಗಿನ ಮನೆಯವರು ಓನರ್ ನಂಬರ್ ಕೊಟ್ಟರು. ಅವರಿರುವುದು ಬೆಂಗಳೂರಿನಲ್ಲಿ. ಪಾಪ, ನಿದ್ದೆಗಣ್ಣಲ್ಲಿ ಎತ್ತಿದರು. "ಭೋಗ್ಯನಾ? ನಾನು ಭೋಗ್ಯಕ್ಕೆ ಕೊಡೋದೇ ಇಲ್ಲಮ್ಮ. ಅವ್ನು ಪೇಂಟ್ ಮಾಡಿಸೋಕೆ ಅಂತ ಕೀ ಇಸ್ಕೊಂಡಿದ್ದ. ಹೋದ ವಾರನೇ ವಾಪಸ್ ಕೊಟ್ಟ. ಮನೆ ಬೇರೆಯವ್ರಿಗೆ ಬಾಡಿಗೆಗೆ ಆಗಿದೆ." ಅಷ್ಟೇ. ಹಾಲು ಕಾಯಿಸದೆ ವಾಪಸ್ ತಂದೆವು. ಮನೆಗೆ ಬರುವಷ್ಟರಲ್ಲಿ ಪ್ಯಾಕೆಟ್ ಒಡೆದು ಗಣಪತಿ ಫೋಟೋ ಎಲ್ಲ ಹಾಲಾಗಿತ್ತು.

ನಂತರದ ಹದಿನೈದು ದಿನದ ಉತ್ತರಗಳು: "ಸೋಮವಾರ ಹಾಕ್ತೀನಿ." "ಚೆಕ್ ಬುಕ್ ಊರಲ್ಲಿದೆ." "ಅತ್ತಿಗೆ ಆಸ್ಪತ್ರೆಲಿ ಇದಾರೆ ಮೇಡಂ, ಮನುಷ್ಯತ್ವ ಇಲ್ವಾ?" "ಹಬ್ಬ ಕಳೀಲಿ." ಕೊನೆಯದು: "ಆತುರ ಪಟ್ಟಿದ್ದು ನೀವು, ನಾನು ಬಲವಂತ ಮಾಡಿದ್ನಾ?" ಅಲ್ಲಿಗೆ ಫೋನ್ ಸ್ವಿಚ್ ಆಫ್. ಈ ಕೊನೆಯ ಮಾತು ರಾತ್ರಿ ಮಲಗಿದಾಗಲೂ ಕಿವಿಯಲ್ಲಿ ಕೂಗುತ್ತದೆ. ಯಾಕೆಂದರೆ ಬಲವಂತ ಮಾಡಿರಲಿಲ್ಲ.

ಠಾಣೆಗೆ ನಾವಿಬ್ಬರೇ ಹೋದಾಗ "ಅಗ್ರಿಮೆಂಟ್ ಇದೆಯಲ್ಲ, ಸಿವಿಲ್ ಮ್ಯಾಟರ್" ಅಂದರು. ಮೂರು ಮನೆಯವರು ಒಟ್ಟಿಗೆ ಹೋದ ಮೇಲೆ ದೂರು ಬರೆದುಕೊಂಡರು. ನಾವು 420 ಅಂತ ಬೈಯುತ್ತೇವಲ್ಲ, 2024ರ ಜುಲೈನಿಂದ ಆ ಸೆಕ್ಷನ್ ಇಲ್ಲ. ಈಗ ವಂಚನೆಗೆ ಭಾರತೀಯ ನ್ಯಾಯ ಸಂಹಿತೆಯ 318. ಬೈಗುಳ ಮಾತ್ರ ಹಳೆಯದೇ ಉಳಿದಿದೆ. ಆನ್‌ಲೈನ್ ವಂಚನೆಯ ಸಹಾಯವಾಣಿ 1930ಕ್ಕೂ ಫೋನ್ ಮಾಡಿದೆವು. ಮೋಸ ಆದ ತಕ್ಷಣ, ಆ ದುಡ್ಡು ಇನ್ನೊಂದು ಅಕೌಂಟಿಗೆ ಹೋಗುವ ಮೊದಲು ಮಾಡಿದರೆ ತಡೆಯುವ ಸಾಧ್ಯತೆ ಇರುತ್ತದೆ. ನಮ್ಮದು ಒಂದು ತಿಂಗಳು ಹಳೆಯದು. ಒಂದು ಲಕ್ಷ ನಗದಿಗೆ ಸಾಕ್ಷಿಯೇ ಇಲ್ಲ.

ಬುದ್ಧಿ ಹೇಳುವಷ್ಟು ಬುದ್ಧಿ ನನಗಿಲ್ಲ, ಆದರೂ ಕೇಳಿ. ಮಾಲೀಕರ ಮುಖ ನೋಡದೆ ಒಂದು ರೂಪಾಯಿ ಕೊಡಬೇಡಿ. ಕರೆಂಟ್ ಬಿಲ್, ಕಂದಾಯ ರಸೀದಿ, ಮಾಲೀಕರ ಆಧಾರ್ ಮೂರರಲ್ಲೂ ಹೆಸರು ಒಂದೇ ಇರಬೇಕು. ಭೋಗ್ಯ ಆದರೆ ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ ಇ.ಸಿ. (ಋಣಭಾರ ಪತ್ರ) ತೆಗೆಸಿ, ಮನೆ ಯಾರ ಹೆಸರಿಗಿದೆ, ನೋಂದಣಿಯಾದ ಅಡಮಾನ ಇದೆಯಾ ಅಂತ ಗೊತ್ತಾಗುತ್ತದೆ. ಕೆಳಗಿನ ಮನೆಯವರ ಹತ್ತಿರ ಎರಡು ನಿಮಿಷ ಮಾತಾಡಿ. ನಾವು ಅದೊಂದು ಮಾಡಿದ್ದರೂ ಸಾಕಿತ್ತು. ಇನ್ನು ಸಂಪ್ರದಾಯದ ಮಾತಾಡುವ ಬ್ರೋಕರ್ ಸಿಕ್ಕರೆ ಎದ್ದು ಓಡಿ. ಇದು ನನ್ನ ಹೊಟ್ಟೆಯುರಿ, ಆದರೂ ಓಡಿ.

ನಾವೀಗ ಅರಸೀಕೆರೆ ರಸ್ತೆ ಕಡೆ ಒಂದು ಚಿಕ್ಕ ಮನೆಯಲ್ಲಿದ್ದೇವೆ. ಬಾಡಿಗೆ 6,500. ಅಡುಗೆಮನೆಗೆ ಕಿಟಕಿ ಇಲ್ಲ.

ಇಷ್ಟು ದಿನ ನಾಚಿಕೆಯಿಂದ ಸುಮ್ಮನಿದ್ದವಳು ಈಗ ಬರೆಯುತ್ತಿರುವುದಕ್ಕೆ ಕಾರಣ ಇದೆ. ಡಿಸೆಂಬರ್ ನಡುವೆ ಧನುರ್ಮಾಸ ಶುರುವಾಗುತ್ತದೆ. ಆಗಲೂ ಯಾರೂ ಹೊಸ ಮನೆಗೆ ಹೋಗುವುದಿಲ್ಲ. ಮೂರು ಮನೆಯವರು ಸೇರಿ ಒಂದು ವಾಟ್ಸಾಪ್ ಗ್ರೂಪ್ ಮಾಡಿಕೊಂಡಿದ್ದೇವೆ, ಕೇಸಿನ ವಿಷಯಕ್ಕೆ. ಕೂಸಿನ ಅಪ್ಪ ಅದಕ್ಕೆ "ಹಾಲು ಉಕ್ಕದವರು" ಅಂತ ಹೆಸರಿಟ್ಟಿದ್ದಾರೆ. ಹೋದ ವಾರ ನಾಲ್ಕನೆಯವರು ಸೇರಿಕೊಂಡರು. ಬೇಲೂರು ಕಡೆಯವರು, ಮದುವೆಯಾಗಿ ಎರಡು ತಿಂಗಳು. ಬೇರೆ ಮನೆ, ಬೇರೆ ನಂಬರು, ಧ್ವನಿ ಅವನದೇ. 20,000 ಕೊಟ್ಟಾಗಿದೆ. ಸಂಕ್ರಾಂತಿ ಮಾರನೆಯ ದಿನ ಕೀ ಅಂದಿದ್ದಾನಂತೆ.