ಎರೆ ಹೊಲಕ್ಕೆ ಲೋರಾ ಮಾಡ್ಯೂಲ್: ದೋಷ ತಿದ್ದುವ ಸಾಮರ್ಥ್ಯದ ವಿಮರ್ಶೆ

ಗದಗ ಸಮೀಪದ ಎರೆ ಹೊಲದಿಂದ ಮಣ್ಣಿನ ತೇವಾಂಶವನ್ನೂ ಬೋರ್‌ವೆಲ್ ಮೋಟರಿನ ಸ್ಥಿತಿಯನ್ನೂ ಮನೆಗೆ ತಿಳಿಸಲು ಸೆಮ್‌ಟೆಕ್‌ನ ಎಸ್‌ಎಕ್ಸ್1276 ಚಿಪ್ ಇರುವ ಲೋರಾ (ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಸಂದೇಶ ಕಳಿಸುವ ರೇಡಿಯೋ ತಂತ್ರ) ಮಾಡ್ಯೂಲ್ ಬಳಸುತ್ತಿದ್ದೇನೆ. ಕೊಳ್ಳುವವರು ಮೊದಲು ಚಿಪ್‌ನ ಸಂಖ್ಯೆಯನ್ನು ನೋಡಿಕೊಳ್ಳಬೇಕು. ಇದೇ ಮಾಲಿಕೆಯ ಎಸ್‌ಎಕ್ಸ್1278ರ ವ್ಯಾಪ್ತಿ 525 ಮೆಗಾಹರ್ಟ್ಸ್‌ಗೆ ಮುಗಿಯುವುದರಿಂದ, ನಮ್ಮಲ್ಲಿ ಪರವಾನಗಿ ಬೇಡದ 865–868 ಮೆಗಾಹರ್ಟ್ಸ್‌ನಲ್ಲಿ ಅದು ಉಪಯೋಗಕ್ಕೆ ಬಾರದು.

ಈ ಮಾಡ್ಯೂಲಿನಲ್ಲಿ ನನಗೆ ಹೆಚ್ಚು ಹಿಡಿಸಿದ್ದು ದೋಷ ತಿದ್ದುವ ಸರಳ ವಿಧಾನ. ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದ ತತ್ವದಂತೆ ಇಲ್ಲಿ ಪ್ರತಿ ನಾಲ್ಕು ಬಿಟ್‌ಗಳ ಜೊತೆ ಒಂದರಿಂದ ನಾಲ್ಕರವರೆಗೆ ತಾಳೆ ನೋಡುವ ಹೆಚ್ಚುವರಿ ಬಿಟ್‌ಗಳು, ಅಂದರೆ ಪ್ಯಾರಿಟಿ ಬಿಟ್‌ಗಳು, ಸೇರಿ ಒಂದು ಸಂಕೇತಪದವಾಗುತ್ತದೆ. 5ಜಿ ಫೋನಿನ ಎಲ್‌ಡಿಪಿಸಿ ಎಂಬ ದೋಷ ತಿದ್ದುವ ಸಂಕೇತದ ಡಿಕೋಡರ್ ಒಂದೇ ದತ್ತಾಂಶವನ್ನು ಹಲವು ಸುತ್ತು ಪರಿಶೀಲಿಸಿದರೆ, ಇಲ್ಲಿ ಕೆಲವೇ ಎಕ್ಸ್‌ಓಆರ್ (ಎರಡು ಬಿಟ್‌ಗಳು ಬೇರೆಯೇ ಎಂದು ನೋಡುವ) ಲೆಕ್ಕಗಳಲ್ಲಿ ಕೆಟ್ಟ ಬಿಟ್ ಯಾವುದೆಂದು ತಿಳಿಯುತ್ತದೆ. ಆದರೆ ಒಂದು ಸಂಕೇತಪದದಲ್ಲಿ ಒಂದೇ ಬಿಟ್ಟನ್ನು ತಿದ್ದಲು ಸಾಧ್ಯ. ಆ ಕೊರತೆಯನ್ನು ಇಂಟರ್‌ಲೀವಿಂಗ್, ಅಂದರೆ ಸಂಕೇತಪದಗಳ ಬಿಟ್‌ಗಳನ್ನು ಹಂಚಿ ಕಳಿಸುವ ಕ್ರಮ, ಬಹುಮಟ್ಟಿಗೆ ನೀಗಿಸುತ್ತದೆ. ಸ್ಪ್ರೆಡಿಂಗ್ ಫ್ಯಾಕ್ಟರ್ (ಒಂದು ಸಿಂಬಲ್, ಅಂದರೆ ಒಮ್ಮೆಗೆ ಹೊರಡುವ ರೇಡಿಯೋ ತುಣುಕು, ಹೊರುವ ಬಿಟ್‌ಗಳ ಸಂಖ್ಯೆ) 10, ಬ್ಯಾಂಡ್‌ವಿಡ್ತ್ 125 ಕಿಲೋಹರ್ಟ್ಸ್ ಇಟ್ಟಾಗ ಒಂದು ಸಿಂಬಲ್ ಸುಮಾರು 8.2 ಮಿಲಿಸೆಕೆಂಡ್ ಇರುತ್ತದೆ; ಅದರ 10 ಬಿಟ್‌ಗಳು 10 ಬೇರೆ ಬೇರೆ ಸಂಕೇತಪದಗಳಿಗೆ ಸೇರಿರುತ್ತವೆ. ಆದ್ದರಿಂದ ಸ್ಟಾರ್ಟರ್ ಕಿಡಿಯಂಥ ಕ್ಷಣಿಕ ಅಡಚಣೆಗೆ ಒಂದು ಸಿಂಬಲ್ ಪೂರ್ತಿ ಹಾಳಾದರೂ ಪ್ರತಿ ಪದ ಕಳೆದುಕೊಳ್ಳುವುದು ಒಂದು ಬಿಟ್ ಮಾತ್ರ.

ಈ ಲಾಭ ದೊರೆಯಬೇಕಾದರೆ ಕೋಡಿಂಗ್ ರೇಟ್ 4/7 (ನಾಲ್ಕು ಬಿಟ್‌ಗಳನ್ನು ಏಳಾಗಿ ಕಳಿಸುವುದು) ಇರಬೇಕು. ಪ್ರೋಗ್ರಾಮ್ ಲೈಬ್ರರಿಗಳು ಸಾಮಾನ್ಯವಾಗಿ ಇಟ್ಟಿರುವ 4/5 ದೋಷವನ್ನು ಗುರುತಿಸಬಹುದೇ ಹೊರತು ತಿದ್ದಲಾರದು. 4/6ರದ್ದೂ ಅದೇ ಕಥೆಯಾದ್ದರಿಂದ ಅದನ್ನು ಆರಿಸಲು ನನಗಂತೂ ಕಾರಣ ಕಾಣುವುದಿಲ್ಲ. 4/8 ಎರಡು ಬಿಟ್‌ಗಳ ದೋಷವನ್ನು ಪತ್ತೆ ಹಚ್ಚುತ್ತದೆಯಾದರೂ ತಿದ್ದುವುದು ಒಂದನ್ನೇ. ಪತ್ತೆ ಹಚ್ಚುವ ಕೆಲಸಕ್ಕೆ ಸಿಆರ್‌ಸಿ (ಇಡೀ ಸಂದೇಶವನ್ನು ತಾಳೆ ನೋಡುವ ಅಂಕಿ) ಇದ್ದೇ ಇದೆ. 4/7ಕ್ಕೆ ತೆರುವ ಬೆಲೆಯೆಂದರೆ ವೇಗ ಸೆಕೆಂಡಿಗೆ ಸುಮಾರು 977 ಬಿಟ್‌ಗಳಿಂದ 698ಕ್ಕೆ ಇಳಿಯುವುದು. ತೇವಾಂಶದ ಅಂಕಿ ಕಳಿಸಲು ಅಷ್ಟು ಸಾಕು.

ಕಪ್ಪತಗುಡ್ಡದ ಮಗ್ಗುಲಿನಂತೆ ನಡುವೆ ಗುಡ್ಡ ಅಡ್ಡ ಬಂದು ಸಂಕೇತವೇ ಕ್ಷೀಣಿಸುವಲ್ಲಿ ಮಾತ್ರ ಕೋಡಿಂಗ್ ರೇಟ್ ಹೆಚ್ಚು ನೆರವಾಗದು. ಅಲ್ಲಿ ಸ್ಪ್ರೆಡಿಂಗ್ ಫ್ಯಾಕ್ಟರನ್ನೇ 11 ಅಥವಾ 12ಕ್ಕೆ ಏರಿಸಬೇಕಾಗುತ್ತದೆ. 12ರಲ್ಲಿ 4/5 ಇಟ್ಟರೂ ವೇಗ ಸುಮಾರು 293 ಬಿಟ್‌ಗಳಿಗೆ ಕುಸಿಯುತ್ತದೆ.

ಮಾರಾಟಗಾರರು ಕೊಟ್ಟ ಕರಪತ್ರದಲ್ಲಿ ಈ ಹೊಂದಿಕೆಗಳ ಬಗ್ಗೆ ಒಂದಕ್ಷರವೂ ಇರಲಿಲ್ಲ. ಸಿಆರ್‌ಸಿಯನ್ನು ಪ್ರೋಗ್ರಾಮಿನಲ್ಲಿ ನಾವೇ ಚಾಲೂ ಮಾಡಬೇಕಾಗಬಹುದು. ಕೋಡಿಂಗ್ ರೇಟನ್ನಾದರೋ ಹೊಲದ ಕಡೆಯ ಮಾಡ್ಯೂಲಿನಲ್ಲಿ ಬದಲಿಸಿದರೆ ಸಾಕು. ಸಂದೇಶದ ಮೊದಲಿಗೆ ಸದಾ 4/8ರಲ್ಲೇ ಬರುವ ಹೆಡರ್ ಅದನ್ನು ಮನೆಯ ಮಾಡ್ಯೂಲಿಗೆ ತಿಳಿಸುತ್ತದೆ.