ಮಲ್ಪೆಯ ನೊರೆಗೆ ಜೆಪಿಇಜಿ, ಬಯಲಾಟದ ಹ್ಯಾಂಡ್‌ಬಿಲ್ಲಿಗೆ ಪಿಎನ್‌ಜಿ

ಸ್ಮರಣ ಸಂಚಿಕೆಗೆ ಎರಡು ಚಿತ್ರ ಕಳಿಸಬೇಕಿತ್ತು: ಮಳೆಗಾಲದ ಮಲ್ಪೆ ಕಡಲು, ಮತ್ತೆ ಹಳೆಯ ಬಯಲಾಟದ ಹ್ಯಾಂಡ್‌ಬಿಲ್ಲು. "ಕ್ವಾಲಿಟಿ ಹೋಗ್ಬಾರ್ದು ಮಾರಾಯ್ರೆ, ಎರಡನ್ನೂ ಪಿಎನ್‌ಜಿಯಲ್ಲೇ ಕಳ್ಸಿ" ಎಂದರು ಸಂಪಾದಕರು. ಪಿಎನ್‌ಜಿ ಎಂದರೆ ಏನನ್ನೂ ಕಳೆಯದೆ ಚಿತ್ರ ಕುಗ್ಗಿಸುವ ಫೈಲು, ಜೆಪಿಇಜಿ ಸ್ವಲ್ಪ ಕಳೆದು ಕುಗ್ಗಿಸುವಂಥದ್ದು. ಕಡಲು ಮೇಲ್‌ಗೆ ಹತ್ತಲೇ ಇಲ್ಲ.

ಫೋಟೊ 4000 × 3000, ಅಂದರೆ 1 ಕೋಟಿ 20 ಲಕ್ಷ ಪಿಕ್ಸೆಲ್. ಒಂದೊಂದಕ್ಕೂ ಕೆಂಪು, ಹಸಿರು, ನೀಲಿಗೆ 3 ಬೈಟ್. ಒಟ್ಟು 36 ಎಂಬಿ. ಕ್ಯಾಮರಾದ ಕಚ್ಚಾ (ರಾ) ಫೈಲಿನಿಂದ ಮಾಡಿದ ಪಿಎನ್‌ಜಿ 23ಕ್ಕೆ ಇಳಿದು ಅಲ್ಲೇ ನಿಂತಿತು. (ಫೋನಿನ ಜೆಪಿಇಜಿಯನ್ನೇ ಪಿಎನ್‌ಜಿ ಮಾಡುವವರಿದ್ದಾರೆ. ಹೋದದ್ದು ಮರಳುವುದಿಲ್ಲ, ಭಾರ ಮಾತ್ರ ಏರುತ್ತದೆ.) ಕುಗ್ಗಿಸುವ (ಕಂಪ್ರೆಷನ್) ಮಟ್ಟವನ್ನು ಗರಿಷ್ಠ 9ಕ್ಕೆ ಏರಿಸಿದೆ, ಲ್ಯಾಪ್‌ಟಾಪಿನ ಫ್ಯಾನ್ ಕೂಗಿತು, ಫೈಲು ಕರಗಲಿಲ್ಲ. ಜಿಪ್ ಮಾಡಿದರೂ ಅದೇ ಗತಿ.

ಪಿಎನ್‌ಜಿಯದ್ದು ತಪ್ಪಲ್ಲ. ಪಕ್ಕದ ಪಿಕ್ಸೆಲ್ ನೋಡಿ ಮುಂದಿನದನ್ನು ಊಹಿಸಿ, ಊಹೆ ತಪ್ಪಿದಷ್ಟನ್ನು ಬರೆದಿಡುವುದು ಅದರ ಕೆಲಸ. ನೊರೆಯಲ್ಲಿ ಊಹೆ ಹೆಜ್ಜೆಹೆಜ್ಜೆಗೂ ತಪ್ಪುತ್ತದೆ. ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ 1948ರಲ್ಲೇ ಹಾಕಿಕೊಟ್ಟ ಗೆರೆ ಇದು: ಏನನ್ನೂ ಕಳೆಯಬಾರದೆಂದರೆ, ಮಾಹಿತಿಯಲ್ಲಿ ಎಷ್ಟು ಅನಿಶ್ಚಿತತೆ ಉಂಟೋ ಸರಾಸರಿ ಅಷ್ಟು ಬಿಟ್ ಬೇಕೇ ಬೇಕು.

ಜೆಪಿಇಜಿ ಕಳೆಯಲು ಒಪ್ಪುತ್ತದೆ. ಚಿತ್ರವನ್ನು 8 × 8ರ ಚೌಕಗಳಾಗಿ ಕತ್ತರಿಸಿ, ಪ್ರತಿಯೊಂದನ್ನೂ ಬೆಳಕು-ಬಣ್ಣದ ನಿಧಾನದ ಮತ್ತು ವೇಗದ ಏರಿಳಿತಗಳಾಗಿ ಬಿಡಿಸಿ, ಕಣ್ಣಿಗೆ ನಾಟದ ವೇಗದವನ್ನು ಸೊನ್ನೆ ಮಾಡುತ್ತದೆ. ಹೀಗೆ ಬಿಡಿಸುವ ಗಣಿತವನ್ನು 1974ರಲ್ಲಿ ಪ್ರಕಟಿಸಿದ ಮೂವರಲ್ಲಿ ಮೊದಲಿಗರು ನಾಸಿರ್ ಅಹ್ಮದ್, ಹುಟ್ಟಿದ್ದು ಬೆಂಗಳೂರಲ್ಲಿ. ಗುಣಮಟ್ಟ 90ರಲ್ಲಿ ನನ್ನ ಕಡಲು 5 ಎಂಬಿ. ನಾಲ್ಕು ಪಟ್ಟು ಹಿಗ್ಗಿಸಿ ಅಕ್ಕಪಕ್ಕ ಇಟ್ಟರೂ ಯಾವುದು ಯಾವುದೆಂದು ಗೊತ್ತಾಗಲಿಲ್ಲ. 50ಕ್ಕೆ ಇಳಿಸಿದಾಗ ಮಾತ್ರ ಕೆಟ್ಟಿತು. ಅದೂ ನೊರೆಯಲ್ಲಲ್ಲ, ಏನೂ ಇಲ್ಲದ ಬೂದು ಆಕಾಶದಲ್ಲಿ ಚೌಕುಳಿ ಎದ್ದಿತು.

ಹ್ಯಾಂಡ್‌ಬಿಲ್ಲಿನಲ್ಲಿ ಎಲ್ಲ ತಲೆಕೆಳಗು. 300 ಡಿಪಿಐಯಲ್ಲಿ, ಅಂದರೆ ಇಂಚಿಗೆ 300 ಚುಕ್ಕೆಯಂತೆ, ಎ4 ಹಾಳೆ 2480 × 3508. ಬರೀ ಕಪ್ಪು-ಬಿಳುಪಾದ್ದರಿಂದ ಪಿಕ್ಸೆಲ್‌ಗೆ 1 ಬಿಟ್ ಸಾಕು, ಸುಮಾರು 1.09 ಎಂಬಿ. ಖಾಲಿ ಜಾಗವೇ ಹೆಚ್ಚು, ಊಹೆ ತಪ್ಪುವುದು ಅಕ್ಷರದ ಅಂಚಿನಲ್ಲಷ್ಟೇ. ಪಿಎನ್‌ಜಿ 90 ಕೆಬಿಗೆ ಮುಗಿಸಿತು. ಚೂಪು ಅಂಚೆಂದರೆ ವೇಗದ ಏರಿಳಿತವೇ, ಜೆಪಿಇಜಿ 1 ಎಂಬಿ ದಾಟಿತು. ಮೇಲಿಂದ 'ಯಕ್ಷಗಾನ'ದ 'ಕ್ಷ' ಸುತ್ತ ಬೂದು ಧೂಳು ಬೇರೆ.

ವೆಬ್‌ಪಿ ಎಂಬ ಹೊಸ ಬಗೆಯ ಫೈಲು ಎರಡನ್ನೂ ಇನ್ನಷ್ಟು ಕುಗ್ಗಿಸಿತು, ಆದರೆ ಪ್ರೆಸ್ಸಿನ ಹಳೇ ಕಂಪ್ಯೂಟರಿನಲ್ಲಿ ತೆರೆಯಲಿಲ್ಲ. ಬಿಟ್ಟೆ.

ಕಡಲು ಜೆಪಿಇಜಿಯಲ್ಲಿ, ಹ್ಯಾಂಡ್‌ಬಿಲ್ಲು ಪಿಎನ್‌ಜಿಯಲ್ಲಿ ಹೋಯಿತು. ಸಂಜೆ ಸಂಪಾದಕರ ಫೋನು: "ಕಡಲು ಲಾಯ್ಕುಂಟು. ಆ ಹ್ಯಾಂಡ್‌ಬಿಲ್ಲು ಬರೀ 90 ಕೆಬಿ ಉಂಟಲ್ಲ, ದೊಡ್ಡದು ಇಲ್ವಾ?"