ಶಿರಸಿ ಯಲ್ಲಾಪುರ ರಸ್ತೆಯ ಪಶು ಕ್ಲಿನಿಕ್: ಮೊದಲು ತೂಕ, ಆಮೇಲೆ ಸೂಜಿ

ಶಿರಸಿಯ ಯಲ್ಲಾಪುರ ರಸ್ತೆಯಲ್ಲಿರುವ ಈ ಖಾಸಗಿ ಪಶು ಕ್ಲಿನಿಕ್ಕಿಗೆ ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೇನೆ. ಒಳಗೆ ಬಂದ ಪ್ರಾಣಿಯನ್ನು ಇಲ್ಲಿ ಮೊದಲು ತೂಕ ಮಾಡುತ್ತಾರೆ, ಸಿರಿಂಜು ತುಂಬುವುದು ಆಮೇಲೆ. ನನ್ನ ಮಟ್ಟಿಗೆ ಅಷ್ಟೇ ಸಾಕು. ಯಾಕೆ ಸಾಕು ಎಂದು ಸ್ವಲ್ಪ ವಿವರವಾಗಿ ಹೇಳಬೇಕು.

ನಮ್ಮದು ಹುಲೇಕಲ್ ಕಡೆಯ ಅಡಿಕೆ ತೋಟದ ಮನೆ. ರಾತ್ರಿ ತೋಟಕ್ಕೆ ಕಾಡುಹಂದಿ ಇಳಿದರೆ ನಮ್ಮ ಕರಿಯ ಸುಮ್ಮನೆ ಮಲಗುವ ನಾಯಿಯಲ್ಲ. ಹಂದಿ ಕೋರೆಯಿಂದ ತಿವಿದು ಅದರ ತೊಡೆ, ಪಕ್ಕೆ ಎರಡನ್ನೂ ಸೀಳಿಬಿಟ್ಟಿತ್ತು. ಬೆಳಗಾಗುತ್ತಲೇ ಹತ್ತಿರ ಸಿಕ್ಕವರೊಬ್ಬರು ಬಂದು ತೊಡೆಯ ಗಾಯದ ಸುತ್ತ ಮರಗಟ್ಟಿಸುವ ಇಂಜೆಕ್ಷನ್ ಚುಚ್ಚಿ ಹೊಲಿಗೆ ಹಾಕಿದರು. ಗಾಯ ಉದ್ದವಿತ್ತು, ನಾಯಿ ಕೂಗಿದಾಗಲೆಲ್ಲ ಮತ್ತಷ್ಟು ಚುಚ್ಚಿದರು. ಪಕ್ಕೆಯದು ಆಳ ಇದೆ, ಶಿರಸಿಗೇ ಒಯ್ಯಿರಿ ಎಂದರು. ದಾರಿಯಲ್ಲಿ ಕರಿಯನ ಬಾಯಲ್ಲಿ ಜೊಲ್ಲು ಸುರಿಯತೊಡಗಿತು. ತುಟಿ ಅದುರಿತು, ಆಮೇಲೆ ಮೈಯೆಲ್ಲ ನಡುಕ. ಗಾಯದ ನೋವಿಗೆ ಹೀಗಾಗುತ್ತಿದೆ ಎಂದೇ ಜೀಪಿನಲ್ಲಿದ್ದವರೆಲ್ಲ ಅಂದುಕೊಂಡಿದ್ದರು.

ಡಾಕ್ಟ್ರು ನಾಯಿಯನ್ನು ನೋಡಿದ್ದೇ ಗಾಯದ ಸುದ್ದಿ ಎತ್ತಲಿಲ್ಲ. "ಅಕ್ಕಾ, ಮರಗಟ್ಟಿಸೋ ಔಷಧಿ ಎಷ್ಟು ಎಂಎಲ್ ಹಾಕಿದ್ರು? ಬಾಟಲಿ ನೋಡಿದ್ರಾ?" ಎಂದು ಕೇಳಿದರು. ನಮ್ಮ ಮನೆಯವರು ಪಕ್ಕದಲ್ಲೇ ನಿಂತು ನಾಯಿಯನ್ನು ಹಿಡಿದುಕೊಂಡಿದ್ದರಿಂದ ಲೆಕ್ಕ ನೆನಪಿತ್ತು: ಎರಡು ಪರ್ಸೆಂಟಿನ ಲಿಗ್ನೋಕೇನ್, ಸುಮಾರು 12 ಎಂಎಲ್. ತೂಕ ಮಾಡಿದರೆ ಕರಿಯ 11 ಕಿಲೋ.

ಆಮೇಲೆ ಅವರು ಬಿಲ್ಲಿನ ಹಿಂದೆ ಬರೆದು ತೋರಿಸಿದ ಲೆಕ್ಕವನ್ನು ಸಾಕುಪ್ರಾಣಿ ಇರುವ ಎಲ್ಲರೂ ತಿಳಿದಿರಬೇಕು. ಎರಡು ಪರ್ಸೆಂಟ್ ಎಂದರೆ ಒಂದು ಎಂಎಲ್‌ನಲ್ಲಿ 20 ಮಿಲಿಗ್ರಾಂ ಔಷಧಿ. ನಾಯಿಗೆ ಕಿಲೋಗೆ 6 ಮಿಲಿಗ್ರಾಂ ಎಂದು ಮಿತಿ ಇಟ್ಟುಕೊಂಡರೆ 11 ಕಿಲೋದ ನಾಯಿಗೆ 66 ಮಿಲಿಗ್ರಾಂ, ಅಂದರೆ ಮೂರು ಎಂಎಲ್ ಚಿಲ್ಲರೆ. ಕರಿಯನ ಮೈಗೆ ಹೋಗಿದ್ದು 240 ಮಿಲಿಗ್ರಾಂ, ಜೊಲ್ಲು, ನಡುಕ ಎಲ್ಲ ಅದರಿಂದಲೇ. ಬೆಕ್ಕಿಗೆ, ಆಡಿನ ಮರಿಗೆ ಇನ್ನೂ ಹುಷಾರಾಗಿರಬೇಕಂತೆ. ನಾಲ್ಕು ಕಿಲೋದ ಮರಿಗೆ ಒಂದು ಎಂಎಲ್ ಆಗುವಷ್ಟರಲ್ಲೇ ಮಿತಿ ಮುಟ್ಟುತ್ತದೆ. ಉದ್ದದ ಗಾಯವಿದ್ದರೆ ಔಷಧಿಗೆ ಸಲೈನ್ ಬೆರೆಸಿ ತೆಳು ಮಾಡಿಕೊಂಡು ಚುಚ್ಚುವ ಕ್ರಮವಿದೆ. ಇದಕ್ಕೆ ದುಡ್ಡು ಬೇಕಿಲ್ಲ, ದೊಡ್ಡ ಮಷಿನ್ನೂ ಬೇಕಿಲ್ಲ. ಹಾಗಿದ್ದೂ ಎಷ್ಟು ಕಡೆ ನಾಯಿಯ ತೂಕವನ್ನು ಕಣ್ಣಂದಾಜಿನಲ್ಲೇ ಹೇಳಿ ಮುಗಿಸುತ್ತಾರೆ ಎಂದು ನೆನೆದರೆ ನನಗೆ ಸಂಕಟವಾಗುತ್ತದೆ.

ಮೊದಲು ಆಕ್ಸಿಜನ್ ಕೊಟ್ಟರು, ನಡುಕ ನಿಲ್ಲಲು ಮಿಡಾಜೋಲಾಮ್ ಹಾಕಿದರು. ಆಮೇಲೆ ಕಪಾಟಿನಿಂದ ಹಾಲಿನಂತೆ ಬೆಳ್ಳಗಿನ ಒಂದು ಬಾಟಲಿ ತೆಗೆದರು. ಸೋಯಾ ಎಣ್ಣೆಯನ್ನು ಮೊಟ್ಟೆಯ ಲೆಸಿಥಿನ್ ಹಾಕಿ ನೀರಿನಲ್ಲಿ ಬೆರೆಸಿದ, ರಕ್ತನಾಳಕ್ಕೆ ಕೊಡುವ 20 ಪರ್ಸೆಂಟಿನ ಕೊಬ್ಬು ಅದು. ಕಿಲೋಗೆ ಒಂದೂವರೆ ಎಂಎಲ್‌ನಂತೆ ಸುಮಾರು 16 ಎಂಎಲ್ ಮೊದಲು ಕೊಟ್ಟು, ಉಳಿದದ್ದನ್ನು ಅರ್ಧ ತಾಸು ನಿಧಾನವಾಗಿ ಹರಿಸಿದರು. ಹಲಸಿನ ಮೇಣ ಬಿಡಿಸಲು ನಾವು ಕೈಗೆ ಎಣ್ಣೆ ಸವರುವ ಹಾಗೆ, ಮರಗಟ್ಟಿಸುವ ಔಷಧಿ ಈ ಕೊಬ್ಬಿಗೆ ಅಂಟುತ್ತದೆ. ಹೃದಯ, ಮಿದುಳಿನಿಂದ ಅದನ್ನು ಎಳೆದುಕೊಂಡು ಕೊಬ್ಬು ಲಿವರ್ ಕಡೆ ಸಾಗಿಸುತ್ತದೆ. ಅಮೆರಿಕದ ಗೈ ವೈನ್‌ಬರ್ಗ್ ಮತ್ತು ಜೊತೆಯವರು ಇದನ್ನು 1998ರಲ್ಲಿ ಇಲಿಗಳ ಮೇಲೆ, 2003ರಲ್ಲಿ ನಾಯಿಗಳ ಮೇಲೆ ತೋರಿಸಿದರು. ಮನುಷ್ಯರಲ್ಲಿ ಮೊದಲ ಯಶಸ್ಸು ವರದಿಯಾದದ್ದು 2006ರಲ್ಲಿ. ಮಧ್ಯಾಹ್ನದ ಹೊತ್ತಿಗೆ ಕರಿಯ ಎದ್ದು ನೀರು ಕುಡಿಯಿತು, ಪಕ್ಕೆಯ ಹೊಲಿಗೆ ಆಮೇಲೆ ಹಾಕಿದ್ದು.

ಧಾರವಾಡದಲ್ಲಿ ಫಾರ್ಮಸಿ ಓದುತ್ತಿರುವ ನನ್ನ ತಂಗಿಯ ಮಗಳು ಈ ಕಥೆ ಕೇಳಿ, ಇದಕ್ಕೆ ಪೆಪ್ಟೈಡ್ (ಪ್ರೋಟೀನಿನ ಸಣ್ಣ ತುಂಡಿನಂಥದ್ದು) ಔಷಧಿಯೂ ಬರುತ್ತಿದೆ ಎಂದಳು. ಹೊಲಿಗೆ ಬಿಚ್ಚಿಸಲು ಹೋದಾಗ ಕೇಳಿದೆ. ಹೊರಗೆ ಜನ ಕಾಯುತ್ತಿದ್ದರೂ ಡಾಕ್ಟ್ರು ಕೂತು ವಿವರಿಸಿದರು. ಅದರ ಹೆಸರು ಅಪೆಲಿನ್-13. ಹದಿಮೂರು ಅಮೈನೋ ಆಮ್ಲಗಳ ಪುಟ್ಟ ಸರಪಳಿ. ಅಪೆಲಿನ್ ಮೊದಲು ಸಿಕ್ಕಿದ್ದು ದನದ ಹೊಟ್ಟೆಯಲ್ಲಿ, ಅದೂ 1998ರಲ್ಲೇ! ಕೊಟ್ಟಿಗೆಯಲ್ಲಿ ದನ ಕಟ್ಟಿಕೊಂಡೇ ಬದುಕಿದ ನನಗೆ ಇದನ್ನು ಕೇಳಿ ಬಹಳ ಖುಷಿಯಾಯಿತು. ಅದು ಹೃದಯದ ಬಡಿತಕ್ಕೆ ಬಲ ಕೊಡುತ್ತದೆ. ಬುಪಿವಕೇನ್ ಎಂಬ, ಹೆಚ್ಚು ಹೊತ್ತು ಮರಗಟ್ಟಿಸುವ ಔಷಧಿ ಲಿಗ್ನೋಕೇನಿಗಿಂತ ಹೃದಯಕ್ಕೆ ಅಪಾಯ. ಅದು ಹೃದಯದ ಜೀವಕೋಶಗಳು ಕೊಬ್ಬನ್ನು ಉರಿಸಿ ಶಕ್ತಿ ಮಾಡಿಕೊಳ್ಳುವುದಕ್ಕೇ ಅಡ್ಡಿ ಮಾಡುತ್ತದೆ. ಬುಪಿವಕೇನಿನಿಂದ ಸೋತ ಇಲಿಗಳ ಹೃದಯ ಅಪೆಲಿನ್-13 ಕೊಟ್ಟಾಗ ಚೇತರಿಸಿಕೊಂಡಿದೆ.

"ಆದ್ರೆ ಅಕ್ಕಾ, ಇದು ಇಲಿಯಲ್ಲಿ ನೋಡಿದ್ದು. ಕರಿಯನಿಗೆ ಕೊಡೋ ಔಷಧಿ ಅಲ್ಲ. ರಕ್ತಕ್ಕೆ ಹೋದ್ರೆ ಕೆಲವೇ ನಿಮಿಷದಲ್ಲಿ ಕರಗಿ ಹೋಗತ್ತೆ" ಎಂದರು. ಹೊಸ ಔಷಧಿಯ ಹೆಸರು ಹೇಳಿ ನಮ್ಮನ್ನು ಬೆರಗುಗೊಳಿಸುವುದು ಅವರಿಗೆ ಸುಲಭವಿತ್ತು. ಹಾಗೆ ಮಾಡದೆ, ಕಪಾಟಿನಲ್ಲಿ ಯಾವುದಿದೆ, ಯಾವುದು ಇನ್ನೂ ಪ್ರಯೋಗದಲ್ಲೇ ಇದೆ ಎಂದು ಬಿಡಿಸಿ ಹೇಳಿದ್ದರಿಂದ ಅವರ ಮೇಲೆ ನನ್ನ ನಂಬಿಕೆ ಹೆಚ್ಚಾಯಿತು. ಇಲಿಯಲ್ಲಿ ಕಂಡಿದ್ದು ನಾಯಿ, ಆಡಿನ ತನಕ ಬರಲಿ ಎಂದು ಮನಸಾರೆ ಬಯಸುತ್ತೇನೆ. ಕೊಬ್ಬಿನ ಬಾಟಲಿ ಪ್ರತಿ ಸಲವೂ ಕೆಲಸ ಮಾಡುತ್ತದೆ ಎಂಬ ಭರವಸೆ ಇಲ್ಲವಲ್ಲ.

ಖರ್ಚು ಮೂರು ಸಾವಿರ ದಾಟಿತು. ಬಿಲ್ಲಿನಲ್ಲಿ ಇಡೀ ಬಾಟಲಿಯ ದರ ಇತ್ತು. ಒಮ್ಮೆ ತೆರೆದದ್ದನ್ನು ಎತ್ತಿಡುವ ಹಾಗಿಲ್ಲ, ಅದು ನ್ಯಾಯವೇ. ಕಾಯುವ ಜಾಗ ಇಕ್ಕಟ್ಟು, ಬೆಕ್ಕು ತಂದವರಿಗೂ ನಾಯಿ ತಂದವರಿಗೂ ಒಂದೇ ಬೆಂಚು. ರಾತ್ರಿ ಹೊತ್ತು ತೆರೆದಿರುವುದಿಲ್ಲ, ಕಾಡುಹಂದಿ ಬರುವುದು ರಾತ್ರಿಯೇ ಆದ್ದರಿಂದ ನಮ್ಮಂಥವರಿಗೆ ಅದೊಂದು ಕೊರತೆ.

ಬೇರೆ ಕಡೆ ಇಂಜೆಕ್ಷನ್ ಹಾಕಿಸಿ ಇಲ್ಲಿಗೆ ಬರುವವರು ಔಷಧಿಯ ಬಾಟಲಿಯದ್ದೊಂದು ಫೋಟೋ ತೆಗೆದುಕೊಳ್ಳಿ. ಎಷ್ಟು ಎಂಎಲ್ ಹಾಕಿದರು, ಎಷ್ಟು ಹೊತ್ತಿಗೆ ಹಾಕಿದರು ಎಂದು ಬರೆದುಕೊಂಡು ಬನ್ನಿ. ಬಾಗಿಲಲ್ಲೇ ಕೇಳುತ್ತಾರೆ.